ಟವೆಲ್ಲಿನ ಕೆಳಗಿನ ಮಾತು

ನಮ್ಮ ದೊಡ್ಡಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ಅವರು ತೋಪಿನ ಪಕ್ಕ ನಿಂತು ಗುಂಡು ತುಂಬುವ ಕೆಲಸದಲ್ಲಿದ್ದರು. ಊರಿಗೆ ಬಂದಾಗ ಎಡಗಿವಿ ಹೋಗಿತ್ತು. ಚಳ್ಳಕೆರೆಯಲ್ಲಿ ಕಂಬಳಿ ಅಂಗಡಿ ನಡೆಸುತ್ತ ನಡೆಸುತ್ತ ಬಲಗಿವಿಯೂ ಹೋಯಿತು. ಸ್ವಲ್ಪ ಕೇಳಿಸುತ್ತಿದ್ದ ಕಾಲದಲ್ಲಿ ಯಾರಾದರೂ ಯುದ್ಧದ ಸುದ್ದಿ ಎತ್ತಿದರೆ, "ಚಳಿ ಬಾಳ ಇತ್ತು" ಎನ್ನುವರು. ಅದಕ್ಕಿಂತ ಹೆಚ್ಚು ಹೇಳಿದ್ದನ್ನು ನಾನು ಕೇಳಿಲ್ಲ.

ದೊಡ್ಡಮ್ಮ ಇರುವವರೆಗೆ ಗಿರಾಕಿಗಳ ಮಾತನ್ನು ಅವರಿಗೆ ತುಟಿ ಅಲುಗಿಸಿ ತಿಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ವ್ಯಾಪಾರಕ್ಕೆ ಉಳಿದದ್ದು ಟವೆಲ್ ಒಂದೇ. ನಮ್ಮ ಕಡೆ ಕುರಿ, ಉಣ್ಣೆ, ಕಂಬಳಿಯ ದೊಡ್ಡ ವ್ಯಾಪಾರವನ್ನು ಹಿಂದೆ ಬಾಯಲ್ಲಿ ಆಡುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಕೈಗಳ ಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದರು. ಸುತ್ತ ನಿಂತವರಿಗೆ ತಿಳಿಯಬಾರದು, ಅಷ್ಟೇ. ಅದಕ್ಕೆ ಕಿವಿ ಬೇಕಿರಲಿಲ್ಲ.

ತಳಕಿನ ಕಡೆಯಿಂದ ಒಬ್ಬರು ಕಂಬಳಿ ಹೊರೆ ತಂದು ಹಾಕುತ್ತಿದ್ದರು. ದೊಡ್ಡಪ್ಪನದೇ ವಯಸ್ಸಿನವರು. ಅವರು ಬಂದರೆ ಅಂಗಡಿಯ ತುಂಬ ಕಂಬಳಿಗೆ ಹಚ್ಚಿದ ಹುಣಸೆಬೀಜದ ಗಂಜಿಯ ವಾಸನೆ. ಟವೆಲ್ಲಿನ ಕೆಳಗೆ ಕೈಗಳು ಕುಸ್ತಿ ಆಡುತ್ತಿದ್ದರೆ ಮೇಲೆ ಬೈಗುಳ ನಡೆಯುತ್ತಿತ್ತು.

"ಲೇ ಮಿಲ್ಟ್ರಿ, ಕಿವಿ ಅಲ್ಲೆಲ್ಲೋ ಬಿಟ್ಟು ಬಂದೆ, ಕಳ್ಳಬುದ್ಧಿ ಮಾತ್ರ ಜ್ವಾಪಾನವಾಗಿ ತಂದೀಯ ನೋಡು!"

ದೊಡ್ಡಪ್ಪ ಅವರ ಬಾಯಿ ನೋಡಿ ನಗುವರು. "ಬೈಯಲೇ, ಎಷ್ಟಾರ ಬೈಯಿ. ಬೆರಳು ಮಾತ್ರ ಇನ್ನೊಂದು ಬಿಡು."

ಒಂದು ಬೆರಳು ಬಿಟ್ಟರೆ ದರ ಒಂದು ನೂರು ಇಳಿದಂತೆ. ಕೊನೆಗೆ ದೊಡ್ಡಪ್ಪ "ಆತು" ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುವರು. ಆಮೇಲೂ ಇಬ್ಬರೂ ಬಹಳ ಹೊತ್ತು ಎಲೆಅಡಿಕೆ ಹಾಕಿಕೊಂಡು ಕುಳಿತಿರುತ್ತಿದ್ದರು.

ಹೊಸ ಗಿರಾಕಿಗಳಿಗೆ ಈ ಲೆಕ್ಕ ಬರುತ್ತಿರಲಿಲ್ಲ. ಮೊಬೈಲಿನಲ್ಲಿ ಅಂಕಿ ಒತ್ತಿ ದೊಡ್ಡಪ್ಪನ ಮುಖದ ಮುಂದೆ ಹಿಡಿಯುವರು. ವ್ಯಾಪಾರವೇನೋ ಆಗುತ್ತಿತ್ತು. ಕೈ ಯಾರೂ ಹಿಡಿಯುತ್ತಿರಲಿಲ್ಲ.

ತಳಕಿನವರಿಗೆ ಲಕ್ವ ಹೊಡೆದ ಮೇಲೆ ಒಮ್ಮೆ ಅವರ ಮಗ ಬೈಕಿನಲ್ಲಿ ಕೂರಿಸಿಕೊಂಡು ಬಂದ. ನಾನು ಅಂಗಡಿಯಲ್ಲೇ ಇದ್ದೆ. ಬಾಯಿ ಸೊಟ್ಟಗಾಗಿತ್ತು, ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ದೊಡ್ಡಪ್ಪ ಎಂದಿನಂತೆ ಟವೆಲ್ ಹೊದಿಸಿ ಆ ಕೈಯನ್ನೇ ಹಿಡಿದರು. ಕಾದರು. ಟವೆಲ್ ಅಲುಗಲಿಲ್ಲ. ಮಗ ರಸ್ತೆಯ ಕಡೆಗೆ ಮುಖ ತಿರುಗಿಸಿದ. ದೊಡ್ಡಪ್ಪ ಎದ್ದು ಒಂದು ಕರಿ ಕಂಬಳಿ ಎಳೆದು ಅವರ ಹೆಗಲಿಗೆ ಹೊದಿಸಿದರು. ನಂತರ ನನ್ನ ಕಡೆ ತಿರುಗಿ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ, "ಕೈ ತಣ್ಣಗೈತೆ ಕಣವ್ವ. ಚಳಿ ಆಗ್ತಾ ಐತೆ ಅವ್ನಿಗೆ" ಎಂದರು.

ತಳಕಿನವರು ಮತ್ತೆ ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ಮೇಲೂ ದೊಡ್ಡಪ್ಪ ಅಂಗಡಿ ತೆರೆದರು. ಮಾತು ಕಡಿಮೆಯಾಗುತ್ತ ಹೋಗಿ, ಊಟಕ್ಕೆ ಕರೆದರೆ ತಲೆಯಾಡಿಸುವಷ್ಟಕ್ಕೆ ಬಂದು ನಿಂತಿತು.

ನನ್ನ ಕೆಲಸ ಮೊಳಕಾಲ್ಮೂರಿನಲ್ಲಿ. ಈ ವರ್ಷ ಅವರು ಹಾಸಿಗೆ ಹಿಡಿದ ಮೇಲೆ ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಬರುತ್ತಿದ್ದೆ. ನೋಡಲು ಬಂದ ನೆಂಟರು ಕಿವಿಯ ಹತ್ತಿರ ಬಗ್ಗಿ ಕೂಗುವರು.

"ಯಾರು ಬಂದೀವಿ, ಗುರ್ತು ಸಿಕ್ತೇನ್ರಿ?"

"ತೋಪಿಗೇ ಹೆದರದ ಕಿವಿ, ನಿಮ್ಮ ಕೂಗಿಗೆ ಬಗ್ಗತದಾ? ಬಿಡ್ರಿ ಅತ್ಲಾಗೆ" ಎಂದು ಇನ್ನೊಬ್ಬರು ನಕ್ಕರು. ಕಾಫಿ ಕುಡಿದು ಹೊರಟರು.

ಅವರು ಹೋದ ಮೇಲೆ ನಾನು ಮಂಚದ ಪಕ್ಕ ಕುಳಿತೆ. ಏನಾದರೂ ಹೇಳಬೇಕೆನಿಸಿತು. ಹೇಳುವುದು ಹೇಗೆಂದು ತಿಳಿಯದೆ ದೊಡ್ಡಪ್ಪನ ಕೈಯನ್ನು ನನ್ನ ಕೈಯೊಳಗೆ ಹಿಡಿದುಕೊಂಡೆ. ಅವರು ಕಣ್ಣು ತೆರೆದರು. ಇನ್ನೊಂದು ಕೈಯಿಂದ ದಿಂಬಿನ ಪಕ್ಕ ತಡಕಾಡಿ ಟವೆಲ್ ಎಳೆದುಕೊಂಡು, ನಮ್ಮಿಬ್ಬರ ಕೈಗಳ ಮೇಲೆ ಹಾಕಿದರು.

"ಐದಾ?" ಎಂದರು. ಎಷ್ಟೋ ದಿನಗಳ ಮೇಲೆ ಆಡಿದ ಮಾತು. "ಬಾಳ ಆತು. ಇಳಿಸು."

ನಾನು ಅವರ ಕೈ ಹಿಡಿದದ್ದು ಬೇರೆ ಅರ್ಥದಲ್ಲಿ. ದೊಡ್ಡಮ್ಮನಂತೆ ತುಟಿಯಲ್ಲಿ ಅದನ್ನು ತಿಳಿಸಲು ನನಗೆ ಬರುತ್ತಿರಲಿಲ್ಲ, ಅವರ ಕಣ್ಣು ನನ್ನ ಮುಖದ ಮೇಲೇ ಇತ್ತು. ಒಂದು ಬೆರಳು ಬಿಟ್ಟೆ. ಅವರು ತಲೆ ಅಡ್ಡಡ್ಡ ಆಡಿಸಿದರು. ತುಟಿಯಂಚಿನಲ್ಲಿ ವ್ಯಾಪಾರಿಯ ನಗು ಬಂದಿತ್ತು. ಬಿಗಿಯಾಗಿ ಹಿಡಿದುಕೊಳ್ಳಲೇಬೇಕೆಂದು ಕುಳಿತವಳು ಇನ್ನೊಂದು ಬೆರಳನ್ನೂ ಬಿಟ್ಟೆ. ಅವರು ಕಾದರು. ಮತ್ತೊಂದು ಬಿಟ್ಟೆ.

"ಆತು" ಎಂದು ಕಣ್ಣು ಮುಚ್ಚಿದರು.

ಅವರ ಬಾಯಿಂದ ಬಂದ ಕೊನೆಯ ಮಾತು ಅದೇ. ಯಾವುದಕ್ಕೆ ದರ ಕಟ್ಟಿದೆವೋ ನನಗೆ ತಿಳಿಯಲಿಲ್ಲ. ಆ ದಿನ ಉಳಿದ ಎರಡು ಬೆರಳುಗಳನ್ನು ಹಿಡಿದುಕೊಂಡೇ ಕುಳಿತಿದ್ದೆ. ಹೊರಗೆ ಮೊಳಕಾಲ್ಮೂರಿನ ಬಸ್ಸು ಹೋದ ಸದ್ದು ಕೇಳಿಸಿತು. ನಾನು ಏಳಲಿಲ್ಲ.