ಬೀಗವಿಲ್ಲದ ದಿನಚರಿ

ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಆ ಕಂಪನಿಯ ಹೆಸರು ಎಲ್ಲಾದರೂ ಕಣ್ಣಿಗೆ ಬಿದ್ದರೆ ಈಗಲೂ ನನ್ನ ಮೈ ಉರಿಯುತ್ತದೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪುಕ್ಕಟೆ ಪ್ರಚಾರ ಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಆಗ ತುಮಕೂರಿನಲ್ಲಿ, ಶಿರಾ ಗೇಟ್ ಹತ್ತಿರ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಾವು ಮೂವರು ಕೂತು ಪ್ರೋಗ್ರಾಂ ಬರೆಯುತ್ತಿದ್ದೆವು. ಗುಬ್ಬಿಯ ತೆಂಗಿನಕಾಯಿ ಮಂಡಿಗೆ ಬಿಲ್ ಹಾಕುವ ಪ್ರೋಗ್ರಾಂ, ಕುಣಿಗಲ್ಲಿನ ಶಾಲೆಯೊಂದಕ್ಕೆ ಅಂಕಪಟ್ಟಿ ಮಾಡುವ ಪ್ರೋಗ್ರಾಂ, ಹೀಗೆ ಸಣ್ಣಪುಟ್ಟ ಕೆಲಸ. ನನ್ನ ಮಗಳಿಗೆ ನಾಲ್ಕು ವರ್ಷ ತುಂಬಿದಾಗ ಮೊದಲ ಸಲ ಫಿಟ್ಸ್ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟು ಒಂದೇ ಮಾತು ಹೇಳಿದರು: "ಯಾವತ್ತು ಬಂತು, ಎಷ್ಟು ಹೊತ್ತು ಇತ್ತು, ಮೊದಲು ಯಾವ ಕೈ ಸೆಟೆದುಕೊಳ್ತು, ಎಲ್ಲಾ ಬರೆದಿಡಿ ಅಮ್ಮಾ. ಎರಡು ವರ್ಷ ಒಂದೂ ಬರದೆ ಇದ್ರೆ ಮಾತ್ರೆ ಇಳಿಸೋಣ."

ಬರೆದಿಡುವುದು ನನಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಉಪ್ಪಿನಕಾಯಿ ಜಾಡಿಗೆ ಕಾಯಿ ತುಂಬಿದ ದಿನ, ಎಲ್ಲವನ್ನೂ ಗೋಡೆ ಕ್ಯಾಲೆಂಡರಿನ ಮನೆಗಳಲ್ಲಿ ಇರುವೆಯಂಥ ಅಕ್ಷರದಲ್ಲಿ ಗುರುತು ಹಾಕುವವಳು ನಾನು. ಮಗಳ ಕಾಯಿಲೆಯೂ ಅಲ್ಲೇ ಸೇರಿತು. ಆಮೇಲೆ ನಮ್ಮ ಆಫೀಸಿಗೆ ಆ ಕಂಪನಿಯ ಒಬ್ಬ ಸೇಲ್ಸ್‌ನವನು ಬಂದು ಕನ್ನಡದಲ್ಲಿ ಬರೆಯಬಹುದಾದ ಡೈರಿ ಸಾಫ್ಟ್‌ವೇರ್ ತೋರಿಸಿದ. ತೆರೆದರೆ ಪರದೆಯ ಮೇಲೆ ಚರ್ಮದ ರಟ್ಟಿನ ಪುಸ್ತಕ, ಮುದ್ದಾದ ಅಕ್ಷರ, ಪುಟ ಮಗುಚಿದ ಸದ್ದು ಬೇರೆ. "ನಿಮ್ಮ ಅತ್ತೆ ತಿಪ್ಪರಲಾಗ ಹಾಕಿದ್ರೂ ಓದೋಕಾಗಲ್ಲ ಮೇಡಂ, ಅಷ್ಟು ಸೇಫು" ಎಂದ. ನನ್ನ ಅತ್ತೆಗೆ ಓದು ಬರುವುದಿಲ್ಲ ಎಂದು ಅವನಿಗೆ ಹೇಳಲಿಲ್ಲ. ಮರುಳಾಗಿದ್ದೆ. ಹಳೆಯ ಕ್ಯಾಲೆಂಡರುಗಳಲ್ಲಿದ್ದುದನ್ನೆಲ್ಲ ಕೂತು ಅದಕ್ಕೆ ಏರಿಸಿದೆ. ಏರಿಸಿ ಮುಗಿದ ಕ್ಯಾಲೆಂಡರ್ ಹಾಳೆಗಳನ್ನು ಮಗಳ ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕಿದೆ. ವರ್ಷ ಮುಗಿದ ಮೇಲೆ ಆ ಪುಸ್ತಕಗಳು ಬೈಂಡಿನ ಸಮೇತ ಯಾರ್‍ಯಾರದೋ ಮಕ್ಕಳ ಕೈಗೆ ಹೋದವು.

ಹೀಗೆ ನಾಲ್ಕು ವರ್ಷ ದಿನ ತಪ್ಪದೆ ಆ ಡೈರಿಯಲ್ಲಿ ಬರೆದೆ.

ಆಯುಧಪೂಜೆಯ ದಿನ ಅತ್ತೆ ಮನೆಯ ಕಂಪ್ಯೂಟರಿಗೂ ಪೂಜೆ ಇಟ್ಟರು. ಅವರು ಹಾಗಲವಾಡಿ ಕಡೆಯವರು. ತೋಟದ ಪಂಪ್‌ಸೆಟ್ಟಿಗೆ ವಿಭೂತಿ ಬಳಿದು, ಅದರ ಕಬ್ಬಿಣದ ಮೂಲೆಗೇ ಕುಟ್ಟಿ ಕಾಯಿ ಒಡೆದು ಅಭ್ಯಾಸ. ಮೇಜಿನ ಮೇಲೆ ಮಲಗಿದ್ದ ನಮ್ಮ ಕಂಪ್ಯೂಟರಿನ ಡಬ್ಬವೂ ಕಬ್ಬಿಣದ್ದೇ ತಾನೆ? ಮೂರು ಬೆರಳ ವಿಭೂತಿ ಎಳೆದು, ಸೇವಂತಿಗೆ ಮುಡಿಸಿ, ಅದರ ಮೂಲೆಗೆ ಕಾಯಿ ಕುಟ್ಟಿದ್ದಾರೆ. ನಾನು ಅಡುಗೆಮನೆಯಲ್ಲಿ ಒಬ್ಬಟ್ಟು ಬೇಯಿಸುತ್ತಿದ್ದೆ, ನೋಡಲಿಲ್ಲ.

"ಪೂಜೆ ಆದ್ಮೇಲೆ ಗಾಡಿ ಒಂದ್ ರೌಂಡ್ ಓಡಿಸ್ಬೇಕು ಕಣಮ್ಮ. ಇದನ್ನೂ ಒಂದ್ಸಲ ಓಡ್ಸು ಬಾ" ಎಂದು ಅತ್ತೆ ಕರೆದರು. ಬಂದು ಸ್ವಿಚ್ ಒತ್ತಿದವಳು ನಾನೇ. ಚಟ್ ಎಂದಿತು. ಒಳಗೆ ಇಳಿದಿದ್ದ ಕಾಯಿನೀರು ಸುಟ್ಟ ವಾಸನೆ ಬಂತು.

ಬಾರ್‌ಲೈನ್ ರಸ್ತೆ ಕಡೆ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಭಾಯ್ ಬಂದು ಡಬ್ಬ ಬಿಚ್ಚಿ ನೋಡಿದರು. "ಅಕ್ಕಾ, ಬೋರ್ಡು ಖತಂ. ಹಾರ್ಡ್ ಡಿಸ್ಕ್ ಗಟ್ಟಿಯಾಗಿದೆ, ಅದಕ್ಕೆ ಹನಿ ನೀರು ತಾಗಿಲ್ಲ. ಏನ್ ಅಜ್ಜಿ, ನಮ್ಮ ಹೊಟ್ಟೆಪಾಡು ಇದ್ರಲ್ಲೇ ನಡೀಲಿ ಅಂತ ಆಶೀರ್ವಾದಾನಾ?" ಎಂದು ಅತ್ತೆಯನ್ನು ನಗಿಸಿದರು. ಎರಡೇ ದಿನದಲ್ಲಿ ಹೊಸ ಬೋರ್ಡ್ ಕೂರಿಸಿ ತಂದರು. ಎಲ್ಲ ಇದ್ದ ಹಾಗೇ ಇತ್ತು. ಡೈರಿ ಒತ್ತಿದೆ. ಚರ್ಮದ ರಟ್ಟು ಬಂತು. ರಟ್ಟು ಮಾತ್ರ ಬಂತು. ಇದು ಬೇರೆ ಕಂಪ್ಯೂಟರ್, ತೆರೆಯಲು ಅನುಮತಿ ಇಲ್ಲ ಎಂದಿತು.

ಫೋನ್ ಮಾಡಿದರೆ ಅದೇ ಸೇಲ್ಸ್‌ನವನು ಸಿಕ್ಕ.

"ಬೋರ್ಡ್ ಬದಲಾಯ್ತು ಅಂದ್ರೆ ಬೇರೆ ಕಂಪ್ಯೂಟರ್ ಅಂತಾನೇ ಲೆಕ್ಕ ಮೇಡಂ. ಹೊಸ ಡೈರಿ ಶುರು ಮಾಡ್ಬೋದು. ಹಳೇದು ಓಪನ್ ಆಗಲ್ಲ."

"ಅದ್ರಲ್ಲಿರೋದು ನಾನು ಬರೆದಿದ್ದು ಕಣ್ರೀ. ನನ್ನ ಮಗಳ ಕಾಯಿಲೆದು."

"ಅದ್ಕೇ ಮೇಡಂ ಲಾಕ್ ಇರೋದು. ಬೇರೆಯವ್ರು ಓದ್ಬಾರ್ದು ಅಂತ."

"ಬೇರೆಯವ್ರು ಯಾರ್ರೀ? ಬರ್ದೋಳೇ ನಾನು!"

"ಅಲ್ಲಾ, ಬೋರ್ಡ್ ಹೆಂಗೆ ಹೋಯ್ತು?"

ಹೇಳಿದೆ. ಅವನು ನಕ್ಕ. ಪಕ್ಕದಲ್ಲಿದ್ದವನಿಗೂ ಹೇಳಿ ನಗಿಸಿದ. "ಕಂಪ್ಯೂಟರ್‌ಗೆ ಎಳನೀರು ಕುಡಿಸಿದ್ರೆ ನಾವೇನ್ ಮಾಡೋಣ ಹೇಳಿ ಮೇಡಂ?"

ಮೂರು ಫ್ಲಾಪಿಗಳಲ್ಲಿ ಕಾಪಿ ಇಟ್ಟಿದ್ದೆ. ಮೂರಕ್ಕೂ ಅದೇ ಬೀಗ. ಬೇರೆ ಪ್ರೋಗ್ರಾಮಿನಲ್ಲಿ ಫೈಲನ್ನು ತೆರೆದು ನೋಡಿದೆ. ಪುಟಗಟ್ಟಲೆ ಚೌಕಗಳು, ಪ್ರಶ್ನೆ ಚಿಹ್ನೆಗಳು. ಊರಿನವರಿಗೆಲ್ಲ ಪ್ರೋಗ್ರಾಂ ಬರೆದುಕೊಡುವ ನಾನು ವಾರಗಟ್ಟಲೆ ಗುದ್ದಾಡಿದರೂ ನನ್ನದೇ ಒಂದು ಸಾಲನ್ನು ಹೊರಗೆ ತೆಗೆಯಲಾಗಲಿಲ್ಲ.

ಮುಂದಿನ ತಿಂಗಳು ಡಾಕ್ಟರ ಬಳಿ ಹೋಗುವುದಿತ್ತು. ಎರಡು ವರ್ಷ ತುಂಬಿರಬೇಕು, ಇನ್ನು ಮಾತ್ರೆ ಇಳಿಸುತ್ತಾರೆ ಎಂದು ಕಾಯುತ್ತಿದ್ದೆವು. ಆ ಮಾತ್ರೆ ತಿಂದರೆ ಮಗುವಿಗೆ ಸದಾ ಮಂಪರು. ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿತ್ತು. ಅತ್ತೆಯೂ ಸೇರಿ ಎಲ್ಲರೂ ಹೋದೆವು. ಡಾಕ್ಟರು ಕೇಳಿದರು: "ಕೊನೇ ಸಲ ಬಂದದ್ದು ಯಾವಾಗ?"

ಕೊನೆಯದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ತವರು ಅಮೃತೂರು. ತಂಗಿಯ ಮದುವೆಯ ಮಾರನೆಯ ಬೆಳಿಗ್ಗೆ, ಛತ್ರದ ಹಿಂದಿನ ಜಗಲಿಯಲ್ಲಿ ಹಾಲು ಕುಡಿಯುತ್ತಿದ್ದ ಮಗಳ ಕೈ ಸೆಟೆದು ಲೋಟ ಕೆಳಗೆ ಬಿತ್ತು. ಆದರೆ ನನಗೆ ಇಬ್ಬರು ತಂಗಿಯರು. ಇಬ್ಬರಿಗೂ ಒಂದು ವರ್ಷದ ಅಂತರದಲ್ಲಿ ಅದೇ ಛತ್ರದಲ್ಲಿ, ಅದೇ ಕಾರ್ತೀಕದಲ್ಲಿ ಮದುವೆಯಾಯಿತು.

"ದೊಡ್ಡೋಳ ಮದುವೆ ಕಣೇ, ಎರಡು ವರ್ಷ ಆಯ್ತು" ಎಂದರು ನನ್ನ ಯಜಮಾನರು.

"ಇಲ್ಲ ಕಣಪ್ಪ, ಚಿಕ್ಕೋಳ್ದು. ನಾನು ಆಗ ಕಾಲುನೋವು ಅಂತ ಜಗಲೀಲೇ ಕೂತಿದ್ದೆ" ಎಂದರು ಅತ್ತೆ.

ಡಾಕ್ಟರು ನನ್ನ ಮುಖ ನೋಡಿದರು. "ನೀವು ಬರೀತಿದ್ರಲ್ಲಮ್ಮಾ?"

ಬರೆದಿದ್ದೆ. ತಾರೀಖು, ಗಂಟೆ, ಯಾವ ಕೈ, ಎಷ್ಟು ನಿಮಿಷ, ಹಿಂದಿನ ದಿನ ಮಾತ್ರೆ ತಪ್ಪಿತ್ತೋ ಇಲ್ಲವೋ, ಎಲ್ಲ ಬರೆದಿದ್ದೆ. ನಾನೇ ಬರೆದದ್ದು ನನ್ನದೇ ಮನೆಯಲ್ಲಿ, ನನ್ನದೇ ಮೇಜಿನ ಮೇಲೆ ಇತ್ತು. ಓದಲು ಅನುಮತಿ ಇರಲಿಲ್ಲ.

"ಅಂದಾಜಿನ ಮೇಲೆ ಮಾತ್ರೆ ಇಳಿಸೋಕಾಗಲ್ಲ. ಚಿಕ್ಕ ತಂಗಿ ಮದುವೆ ಅಂತಲೇ ಇಟ್ಕೊಳ್ಳೋಣ. ಇನ್ನೊಂದು ವರ್ಷ ನಡೀಲಿ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ.

ಮನೆಗೆ ಬಂದ ಮೇಲೆ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನನ್ನಿಂದ ಮಗೀಗೆ ಹಿಂಗಾಯ್ತು ಕಣಮ್ಮ. ಇನ್ಮೇಲೆ ನಾನು ಯಾವುದ್ಕೂ ಕಾಯಿ ಒಡೆಯಲ್ಲ ಬುಡು."

ಆಗ ಬಂತು ನೋಡಿ ನನಗೆ ಸಿಟ್ಟು. "ಒಡೀರಿ ಅತ್ತೆ, ಒಂದಲ್ಲ ಹತ್ತು ಒಡೀರಿ. ನೀವು ಕೆಡಿಸಿದ್ದು ಒಂದು ಬೋರ್ಡು. ಅದನ್ನ ಭಾಯ್ ಎರಡು ದಿನದಲ್ಲಿ ಸರಿ ಮಾಡಿದ್ರು. ನಾಲ್ಕು ವರ್ಷ ನುಂಗಿದೋರು ನಗ್ತಾ ಕೂತವ್ರೆ, ನೀವ್ಯಾಕೆ ಅಳ್ತೀರಿ?" ಅವರಿಗೆ ಹೇಳಬೇಕಾದುದಕ್ಕಿಂತ ಜೋರಾಗಿ ಹೇಳಿದೆ. ಪಕ್ಕದ ಮನೆಯವರು ಅತ್ತೆ ಸೊಸೆ ಜಗಳವೆಂದೇ ತಿಳಿದರು.

ಆ ಭಾನುವಾರ ಕೂತು ನನ್ನ ಡೈರಿಯನ್ನು ನಾನೇ ಬರೆದೆ. ಅದಕ್ಕೆ ರಟ್ಟಿಲ್ಲ, ಬಣ್ಣವಿಲ್ಲ, ಪಾಸ್‌ವರ್ಡ್ ಇಲ್ಲ. ತಾನೇ ತಾರೀಖು, ಗಂಟೆ ಹಾಕಿಕೊಂಡು ನಾನು ಬರೆದ ಸಾಲನ್ನು ಆ ತಿಂಗಳ ಫೈಲಿನ ಕೊನೆಗೆ ಸೇರಿಸುತ್ತದೆ. ಒಂದು ಪದ ಕೊಟ್ಟರೆ ಎಲ್ಲೆಲ್ಲಿದೆ ಎಂದು ಹುಡುಕಿ ಕೊಡುತ್ತದೆ. ಫೈಲು ಬರೀ ಅಕ್ಷರ. ಯಾವ ಕಂಪ್ಯೂಟರಿನಲ್ಲಿ ಹಾಕಿದರೂ, ನನ್ನ ಪ್ರೋಗ್ರಾಂ ಸತ್ತೇ ಹೋದರೂ, ತೆರೆಯಬೇಕು. ಆಗ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಮೂಡುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಕಾಗುಣಿತ ತಿದ್ದಿ ತಿದ್ದಿ ಕಲಿತ ಕೈ ಅದು, ಅದಕ್ಕೂ ಆ ಕಂಪನಿಗೆ ಬೈದೆ.

ಆಫೀಸಿನ ಜೊತೆಗಾರ ನೋಡಿ ನಕ್ಕ. "ಅಕ್ಕಾ, ನೋಟ್‌ಪ್ಯಾಡ್ ಇರೋವಾಗ ಇದೇನಕ್ಕ? ದೋಸೆ ಹುಯ್ಯಕ್ಕೆ ಹೊಸ ಕಾವಲಿ ಎರಕ ಹುಯ್ದಂಗಾಯ್ತು."

"ನೋಟ್‌ಪ್ಯಾಡ್‌ನಲ್ಲಿ ಕೈ ತಪ್ಪಿದ್ರೆ ನಿನ್ನೇದು ಅಳಿಸಿ ಹೋಗುತ್ತೆ ಕಣೋ. ಇದಕ್ಕೆ ಸೇರಿಸೋದು ಬರುತ್ತೆ, ಅಳಿಸೋದು ಬರಲ್ಲ. ನಿನ್ನ ಮಗು ಕಾಯಿಲೆ ಬರೆಯೋ ದಿನ ಬಂದ್ರೆ ಗೊತ್ತಾಗುತ್ತೆ. ಬರೋದು ಬೇಡ." ಪಾಪ, ತಮಾಷೆಗೆ ಹೇಳಿದ್ದ.

ವರ್ಷ ಕಳೆದು ಡಾಕ್ಟರ ಬಳಿ ಹೋದಾಗ ಫ್ಲಾಪಿ ಕೊಟ್ಟೆ. ಅವರ ಮೇಜಿನ ಕಂಪ್ಯೂಟರಿನಲ್ಲಿ ನನ್ನ ಪ್ರೋಗ್ರಾಂ ಇರಲಿಲ್ಲ, ಬೇಕಾಗಲೂ ಇಲ್ಲ. ಫೈಲು ತೆರೆಯಿತು. ಹನ್ನೆರಡು ತಿಂಗಳು ಓದಿ ನೋಡಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಆಮೇಲೆ ಪೂರ್ತಿ ನಿಲ್ಲಿಸಿದರು. ಫಿಟ್ಸ್ ಮತ್ತೆ ಬರಲಿಲ್ಲ.

ಮಗಳು ಈಗ ದೊಡ್ಡವಳು. ಮೊನ್ನೆ ನಾನು ಯಾವುದಕ್ಕೋ ಆ ಕಂಪನಿಗೆ ಬೈಯುತ್ತಿದ್ದಾಗ ಹೇಳಿದಳು: "ಬಿಡಮ್ಮ, ಒಂದು ವರ್ಷ ಎಕ್ಸ್‌ಟ್ರಾ ಮಾತ್ರೆ ತಾನೆ? ನಂಗಂತೂ ಆ ವರ್ಷ ಏನೂ ನೆನಪಿಲ್ಲ."

"ನಿಂಗೆ ನೆನಪಿಲ್ಲ ಅನ್ನೋದೇ ನನ್ನ ಸಿಟ್ಟು" ಎಂದು ಆ ವರ್ಷದ ಫೈಲು ತೆಗೆದುಕೊಟ್ಟೆ. ಅವಳು ಆ ಇಂಗ್ಲಿಷ್ ಅಕ್ಷರದ ಕನ್ನಡವನ್ನು ತಡವರಿಸುತ್ತ ಓದಿದಳು. ಸ್ಕೂಲಿನಲ್ಲಿ ಡೆಸ್ಕಿನ ಮೇಲೆ ನಿದ್ದೆ. ಹುಟ್ಟುಹಬ್ಬದ ಸಂಜೆ, ಗೆಳತಿಯರು ಬರುವ ಮುಂಚೆಯೇ ನಿದ್ದೆ. ಮಾತ್ರೆಯಿಂದ ಮಂಪರು ಎಂದು ಚೀಟಿ ಕಳಿಸಿದ್ದರೂ ಟೀಚರು ಸೋಮಾರಿ ಎಂದು ಬೆಂಚಿನ ಮೇಲೆ ನಿಲ್ಲಿಸಿದ್ದು. ಅಲ್ಲಿಗೆ ಓದು ನಿಲ್ಲಿಸಿದಳು.

"ನನ್ನನ್ನ ಬೆಂಚ್ ಮೇಲೆ ನಿಲ್ಲಿಸಿದ್ರಾ?"

"ಎರಡು ಪೀರಿಯಡ್. ನಿಂತಲ್ಲೇ ತೂಕಡಿಸ್ತಿದ್ದೆಯಂತೆ."

ಆ ಸಾಲನ್ನು ಇನ್ನೊಮ್ಮೆ ಓದಿದಳು. ಕಿವಿ ಕೆಂಪಾಗಿತ್ತು.

"ಯಾವ ಟೀಚರಮ್ಮ ಅದು? ಹೆಸರು ಬರ್ದಿದೀಯಾ?"

"ಬರ್ದಿದೀನಿ. ಕೆಳಗಡೆ ನೋಡು."