ಮೋರಿಗೆ ಹೋದ ಪ್ರಸಾದ

ನಿನ್ನೆ ಬೆಳಿಗ್ಗೆ ನೀರು ಹಿಡಿದೆ, ಜೋಳದ ಹಿಟ್ಟು ಸಾಣಿಸಿದೆ, ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿದೆ, ಮಾಮಾನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ತಿರುವಿದೆ. ಮಧ್ಯಾಹ್ನ ವಿದ್ಯಾಗಿರಿಗೆ ಹೋಗಿ, ಮಹಿಳೆಯರ ಚರ್ಚಾಕೂಟದಲ್ಲಿ ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಬೇಕೆಂದು ಮಾತಾಡಿ, ಚಪ್ಪಾಳೆ ಗಿಟ್ಟಿಸಿಕೊಂಡು ಬಂದೆ. ಹೇಳಿಕೊಳ್ಳಲು ನಾಚಿಕೆಯಾಗುವುದು ಆ ಕೊನೆಯದಕ್ಕೆ.

ವಿರೋಧದವರು ಕೆಟ್ಟುಹೋದ ಹುಡುಗರ ಮಾತೆತ್ತಿದರು, ಅದೂ ಸುಳ್ಳಲ್ಲ. ನಾನು ನಮ್ಮ ಮಾಮಾನ, ಅಂದರೆ ನನ್ನ ಸೋದರಮಾವನ, ಮಾತೆತ್ತಿಕೊಂಡೆ. ಜೀವಮಾನವಿಡೀ ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆ ನೇಯ್ದವನು, ಈಗ ಹೊಟ್ಟೆಯ ಕ್ಯಾನ್ಸರ್ ಹೊತ್ತು, ದವಾಖಾನೆಗೆಂದು ನವನಗರದ ನಮ್ಮ ಮನೆಗೆ ಬಂದಿದ್ದಾನೆ. ಅನ್ನ ಕಂಡರೆ ಓಕರಿಕೆ. ಅವನು ನಡೆದುಕೊಳ್ಳುವ ಮಠದಲ್ಲಿ ಗಾಂಜಾವೇ ಪ್ರಸಾದ. ಅದರ ಒಂದು ಚಿಟಿಕೆ ಬೆಲ್ಲದಲ್ಲಿ ಕಲೆಸಿ ನುಂಗಿದ ದಿನ ಹಾಲಿನಲ್ಲಿ ಅರ್ಧ ರೊಟ್ಟಿ ಇಳಿಯುತ್ತದೆ, ಕಣ್ಣಿಗೆ ನಿದ್ದೆ ಹತ್ತುತ್ತದೆ. ಹೆಸರು ಹೇಳದೆ, ಯಾರೋ ಒಬ್ಬ ಮಾಮಾ ಎಂದಷ್ಟೇ ಅಂದು, ಆದರೆ ಓಕರಿಕೆಯನ್ನೂ ಬಿಡದೆ ನಾನು ಬಣ್ಣಿಸಿದಾಗ ಮುಂದಿನ ಸಾಲಿನವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಂಜೆ, ಸಭೆಗೆ ಬಂದಿದ್ದ ಪಕ್ಕದ ಮನೆಯ ಪೊಲೀಸಪ್ಪನ ಹೆಂಡತಿ ಕಾಂಪೌಂಡಿಗೆ ಬಂದು ನಿಂತಳು. "ಅಕ್ಕಾರ, ಎಲ್ಲಾರನ್ನೂ ಅಳಿಸಿಬಿಟ್ರಲ್ಲಾ! ಖರೆ ಹೇಳ್ರಿ, ಒಳಗ ಮಲಗ್ಯಾರಲ್ಲ, ಅವರ ಏನ್ರಿ ಆ ಮಾಮಾ?" ಎಂದು ಕಿಸಕ್ಕನೆ ನಕ್ಕು, "ನಮ್ಮನಿಯವ್ರಿಗೆ ಹೇಳಂಗಿಲ್ಲ ಬಿಡ್ರಿ" ಎಂದಳು.

"ಛೇ, ಯಾರದೋ ಕಥಿ ಅದು" ಅಂದೆ. ಒಳಗೆ ಬಂದವಳೇ ಮಾಮಾನ ಚೀಲದಲ್ಲಿದ್ದ ಗಾಂಜಾದ ಪುಡಿಕೆ ಬಿಚ್ಚಿ, ಬಚ್ಚಲ ಮೋರಿಗೆ ಸುರಿದು, ಮೇಲೆ ನೀರು ಹುಯ್ದೆ.

"ಯವ್ವಾ, ಪುಡಿಕಿ ಎಲ್ಲೈತಿ?" ಎದ್ದವನು ಚೀಲ ತಡಕಿ ಕೇಳಿದ.

"ಚೆಲ್ಲೀನಿ ಮಾಮಾ. ಮಂದಿ ಏನಂದಾರು?"

"ಎಲ್ಲಿ ಚೆಲ್ಲಿದಿ?"

"ಮೋರ್ಯಾಗ."

ತನ್ನ ಹೊಟ್ಟೆಯ ಮಾತು ಅವನು ಆಡಲಿಲ್ಲ. "ಪ್ರಸಾದ ಅದು, ಹೊಲಸಿನಾಗ ಹಾಕಬಾರದವಾ. ಗಿಡದ ಬುಡಕರ ಹಾಕಬೇಕಿತ್ತು" ಎಂದು ಬಚ್ಚಲ ಕಡೆಗೆ ಕೈಮುಗಿದ. ಆಮೇಲೆ ನನ್ನ ಮುಖ ನೋಡಿ, "ಹೋಗ್ಲಿ ಬಿಡು, ಇವತ್ತ ನವನಗರದ ಇಲಿ ಎಲ್ಲಾ ಕೂಡಿ ಭಜನಿ ಮಾಡ್ತಾವ" ಎಂದು ತಾನೇ ನಕ್ಕ.

ಕಾನೂನಿಗೆ ಹೆದರಿ ಚೆಲ್ಲಿದ್ದರೆ ಒಂದಿಷ್ಟು ಮಾನವಾದರೂ ಉಳಿಯುತ್ತಿತ್ತು. ನಾನು ಹೆದರಿದ್ದು ಕಾಂಪೌಂಡಿನಾಚೆಯ ಒಂದು ನಗೆಗೆ. ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ, ಗುರುತಿಲ್ಲದ ನೆರೆಹೊರೆಯಲ್ಲಿ ಇಟ್ಟಿಗೆಯ ಜೊತೆಗೆ ಮರ್ಯಾದೆಯನ್ನೂ ಕಟ್ಟಿಕೊಂಡು ಕೂತವರು ನಾವು. ನಾಳೆ ಕಾನೂನು ಹೂಂ ಅಂದರೂ, ನನ್ನಂಥವರ ಮನೆಯಲ್ಲಿ ಆ ಚಿಟಿಕೆಗೆ ಒಪ್ಪಿಗೆ ಕೊಡುವವರು ಯಾರು, ನೀವೇ ಹೇಳಿ. ಅವನ ನೋವನ್ನು ಊರಿಗೆಲ್ಲ ಉಣಬಡಿಸಿ ಬಂದು, ಅವನ ತುತ್ತನ್ನೇ ಕಿತ್ತುಕೊಂಡೆ.

ರಾತ್ರಿ ನಾವು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಉಂಡೆವು. ಮಾಮಾ ನನ್ನ ಸಮಾಧಾನಕ್ಕೆಂದು ಹಾಲುರೊಟ್ಟಿ ಬಾಯಿಗಿಟ್ಟು, ಎದ್ದು ಹೋಗಿ ಕಕ್ಕಿ ಬಂದ. ಅವನು ಮಗ್ಗುಲು ಬದಲಿಸುವುದನ್ನು ಕೇಳುತ್ತ ಕೇಳುತ್ತ, ಮೊದಲು ನಿದ್ದೆ ಹೋದವಳು ನಾನೇ.