ಎದುರುಮನೆ ಆಂಟಿಯ ಗಿನಿಲಿಂಗ್

ಹುರಿದ ಕೈಮದ ಮೇಲೆ ಮೀನಿನ ಸಾಸ್ ಬಿದ್ದರೆ ಮೊದಲು ಕೆಟ್ಟ ವಾಸನೆ ಏಳುತ್ತದೆ, ಒಣಮೀನಿನ ಡಬ್ಬದ ಮುಚ್ಚಳ ತೆಗೆದ ಹಾಗೆ. ಸ್ವಲ್ಪ ಹೊತ್ತಿಗೆ ಅದು ಬೆಳ್ಳುಳ್ಳಿ, ಟೊಮೆಟೊ ಜೊತೆ ಸೇರಿ ಹಸಿವು ಕೆರಳಿಸುವ ಘಮವಾಗುತ್ತದೆ. ಹೋದ ಭಾನುವಾರ ಅಮೆರಿಕದ ಫೋರ್ಟ್ ಮಿಲ್‌ನ ನಮ್ಮ ಅಡುಗೆಮನೆಯಲ್ಲಿ ಆ ವಾಸನೆ ಎದ್ದಾಗ ಮಗಳು ಕಿಟಕಿ ತೆಗೆಯುತ್ತಾ, "ಅಮ್ಮಾ, ಇದು ನಮ್ಮ ಕೈಮ ಅಲ್ಲ. ವಾಟ್ ಈಸ್ ದಿಸ್?" ಅಂದಳು.

"ಗಿನಿಲಿಂಗ್. ಫಿಲಿಪೀನ್ಸ್ ಕಡೆಯ ಅಡುಗೆ" ಅಂದೆ. ಯಾರು ಕಲಿಸಿದರು ಅಂತ ಅವಳು ಕೇಳಲಿಲ್ಲ...

ತೊಂಬತ್ತರ ದಶಕದ ನಡುವೆ ನಾವು ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮ ಎದುರು ಬಾಗಿಲಿನಲ್ಲಿ ಫಿಲಿಪೀನ್ಸಿನಿಂದ ಬಂದ ನರ್ಸ್ ಒಬ್ಬರು ಇದ್ದರು. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ ಊರಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದ. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ನರ್ಸಿಂಗ್ ಹೋಮಿನಲ್ಲಿ ಅವರಿಗೆ ಕೆಲಸ. ಮೆಟ್ಟಿಲಲ್ಲಿ ಸಿಕ್ಕರೆ ಒಂದು ನಗು, ಅಷ್ಟೇ ಪರಿಚಯ.

ಆ ಚಳಿಗಾಲದಲ್ಲಿ ನನ್ನ ಮೊದಲ ಬಸುರು ಐದನೇ ತಿಂಗಳಲ್ಲೇ ಇಳಿದುಹೋಯಿತು. ನನ್ನ ಗಂಡನಿಗೆ ಅಟ್ಲಾಂಟಾದಲ್ಲಿ ಪ್ರಾಜೆಕ್ಟ್. ಹೆಚ್ಚು ರಜೆ ಸಿಗಲಿಲ್ಲ. "ವೀಕೆಂಡ್ ಬಂದ್ಬಿಡ್ತೀನಿ ಕಣೇ" ಅಂತ ಹೇಳಿ, ಬಾಗಿಲಲ್ಲಿ ಬಹಳ ಹೊತ್ತು ನಿಂತು, ಹೋದರು. ಪರಿಚಯದವರೆಲ್ಲ ಫೋನಿನಲ್ಲಿ ಇನ್ನೊಂದು ಆಗುತ್ತೆ ಬಿಡು ಅಂದರು. ನನ್ನ ಅಳು ಎದುರುಮನೆಗೂ ಕೇಳಿಸಿರಬೇಕು. ಆಂಟಿ ಬಂದು ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಬಟ್ಟಲು: ಅನ್ನ, ಅದರ ಮೇಲೆ ಕೈಮ, ಸಣ್ಣಗೆ ಹೆಚ್ಚಿದ ಆಲೂಗಡ್ಡೆ, ಕ್ಯಾರೆಟ್, ಬಟಾಣಿ, ಅಲ್ಲೊಂದು ಇಲ್ಲೊಂದು ಒಣದ್ರಾಕ್ಷಿ.

"ಟರ್ಕಿ ಮಾಂಸ. ನೀವು ಏನು ತಿಂತೀರೋ ಏನು ಬಿಡ್ತೀರೋ ಗೊತ್ತಿರಲಿಲ್ಲ" ಅಂದರು ಇಂಗ್ಲಿಷಿನಲ್ಲಿ. "ಹೊಟ್ಟೆ ಖಾಲಿ ಇಟ್ಕೊಂಡು ಅಳಬೇಡ ಅನಾಕ್, ತಲೆ ಸುತ್ತುತ್ತೆ."

ಅನಾಕ್ ಅಂದರೆ ಅವರ ಭಾಷೆಯಲ್ಲಿ ಮಗು. ಆ ಪದಕ್ಕೆ ನನಗೆ ಇನ್ನಷ್ಟು ಅಳು ಬಂತು. ನಾನು ತಿಂದು ಮುಗಿಸುವವರೆಗೂ ಅವರು ಕೂತಿದ್ದು, ಬಟ್ಟಲು ತೊಳೆದುಕೊಂಡು ಹೋದರು.

ಆಮೇಲೆ ಅವರಿಗೆ ರಜೆ ಇದ್ದಾಗಲೆಲ್ಲ ಇಬ್ಬರೂ ಸೇರಿ ಅಡುಗೆ ಮಾಡುತ್ತಿದ್ದೆವು. ನಮ್ಮ ಮೈಸೂರಿನ ಮನೆಯಲ್ಲಿ ಕೈಮಕ್ಕೆ ಚಕ್ಕೆ, ಲವಂಗ, ಗಸಗಸೆ ಎಲ್ಲ ಬೇಕು. ಅವರದು ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ, ಮೇಲೆ ಆ ಸಾಸು, ಮುಗಿಯಿತು. ದ್ರಾಕ್ಷಿಯನ್ನು ಮಾತ್ರ ಧಾರಾಳವಾಗಿ ಸುರಿಯುತ್ತಿದ್ದರು. "ನನ್ನ ಮಗನಿಗೆ ಇದು ಆಗೋದೇ ಇಲ್ಲ. ಒಂದೊಂದೇ ಆರಿಸಿ ತಟ್ಟೆ ಅಂಚಿಗೆ ಇಡ್ತಾನೆ. ಅವನು ಬಂದ ಮೇಲೆ ಹಾಕೋ ಹಾಗಿಲ್ಲ, ಅಲ್ಲೀವರೆಗೆ ತಿಂದುಬಿಡೋಣ" ಎಂದು ನಗುತ್ತಿದ್ದರು. ಗ್ರೀನ್ ಕಾರ್ಡ್ ಕೈಗೆ ಬಂದರೆ ಮಗನನ್ನು ಕರೆಸಿಕೊಳ್ಳಬಹುದಿತ್ತು. ಅವನಿಗೆಂದು ಒಂದು ಮಂಚ ಆಗಲೇ ತಂದು ಹಾಕಿದ್ದರು.

ಮರುವರ್ಷ ಮಳೆಗಾಲದಲ್ಲಿ ಅವನಿಗೆ ಡೆಂಗ್ಯೂ ಜ್ವರ ಬಂತು. ಫೋನ್ ಹಿಡಿದು ಅವರು ಊರಿನವರಿಗೆ ಏನೇನೋ ಹೇಳುತ್ತಿದ್ದರು, ಬೇಡುತ್ತಿದ್ದರು, ಕೂಗುತ್ತಿದ್ದರು. ದೊಡ್ಡಾಸ್ಪತ್ರೆಗೆ ಸೇರಿಸುವಷ್ಟರಲ್ಲಿ ತಡವಾಗಿತ್ತು... ಆಂಟಿಗೆ ಮಣ್ಣಿಗೂ ಹೋಗಲಾಗಲಿಲ್ಲ. ಪರ್ಮಿಷನ್ ಇಲ್ಲದೆ ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ, ಪರ್ಮಿಷನ್ ಸಿಗಲು ಟೈಮ್ ಬೇಕು ಅಂದರಂತೆ ಲಾಯರು. ಅವರ ಸಂಬಳವೇ ಊರಲ್ಲಿ ತಾಯಿಯ ಔಷಧಿಗೂ ಆಗಬೇಕಿತ್ತು.

ಅವರ ಚರ್ಚಿನ ಹೆಂಗಸರು ಪ್ರಾರ್ಥನೆಗೆ ಬರುವವರಿದ್ದರು. ಬಂದವರಿಗೆ ಊಟ ಹಾಕಬೇಕು. ಆಂಟಿ ಕುರ್ಚಿಯಿಂದ ಏಳುವ ಸ್ಥಿತಿಯಲ್ಲಿರಲಿಲ್ಲ. ನಾನೇ ಅವರ ದೊಡ್ಡ ಬಾಣಲೆ ಇಟ್ಟು ಕೈಮ ಹುರಿದೆ, ಆಲೂಗಡ್ಡೆ ಹೆಚ್ಚಿ ಹಾಕಿದೆ.

"ಆಂಟಿ, ದ್ರಾಕ್ಷಿ ಹಾಕ್ಲಾ?"

ಅವರು ಕುರ್ಚಿಯಿಂದಲೇ ಬಾಣಲೆಯ ಕಡೆ ನೋಡಿದರು. ಆಮೇಲೆ, "ಬೇಡ. ಇವತ್ತು ಅವನಿಗೆ ಇಷ್ಟ ಆಗೋ ಹಾಗೆ ಮಾಡು" ಅಂದರು.

ಮುಂದೆ ಊರಿನಿಂದ ಒಂದು ವಿಡಿಯೋ ಕ್ಯಾಸೆಟ್ ಬಂತು. ಮಣ್ಣು ಮಾಡಿದ್ದನ್ನು ಯಾರೋ ಶೂಟ್ ಮಾಡಿ ಕಳಿಸಿದ್ದರು. ಒಬ್ಬಳೇ ನೋಡಲಾರೆ ಅಂತ ನನ್ನನ್ನು ಕರೆದರು. ಬಿಸಿಲು, ಕೊಡೆಗಳು, ಬಿಳಿ ಪೆಟ್ಟಿಗೆ, ಅಜ್ಜಿಯನ್ನು ಹಿಡಿದುಕೊಂಡ ಜನ. ಅವರು ಟಿವಿಯ ಗಾಜಿನ ಮೇಲೆ, ಆ ಪೆಟ್ಟಿಗೆ ಇದ್ದಲ್ಲಿ ಕೈಯಿಟ್ಟು, "ಎಷ್ಟು ಉದ್ದ ಆಗಿದಾನೆ ನೋಡು" ಅಂದರು. ನಾನು ಅವರ ಪಕ್ಕದಲ್ಲಿ ಕೂತಿದ್ದೆ, ಅಷ್ಟೇ.

ಗ್ರೀನ್ ಕಾರ್ಡ್ ಆಮೇಲೆ ಬಂತು. "ಈಗ ಯಾರನ್ನ ಕರೆಸಲಿ?" ಎಂದು ಅವರು ಕೇಳಿದ್ದು ನನ್ನನ್ನೋ, ಇನ್ಯಾರನ್ನೋ... ಊರಿಗೆ ಒಮ್ಮೆ ಹೋಗಿಬಂದರು. ಬಂದ ಮೇಲೆ ಡಬಲ್ ಶಿಫ್ಟ್ ಹಿಡಿದರು, ಒಲೆ ಹಚ್ಚುವುದನ್ನೇ ಬಿಟ್ಟರು. ನಾನು ಕೊಟ್ಟದ್ದನ್ನು ಮಾತ್ರ ತಿನ್ನುತ್ತಿದ್ದರು. ನನಗೆ ಮಗಳು ಹುಟ್ಟಿದಾಗ ಎತ್ತಿಕೊಂಡು, ಹಣೆಗೆ ಶಿಲುಬೆಯ ಗುರುತು ಮಾಡಿ, ತಕ್ಷಣ ವಾಪಸ್ ಕೊಟ್ಟುಬಿಟ್ಟರು. ಸ್ವಲ್ಪ ಕಾಲದಲ್ಲೇ ಕ್ಯಾಲಿಫೋರ್ನಿಯಾದ ತಂಗಿಯ ಹತ್ತಿರ ಹೊರಟುಹೋದರು. ನಾವೂ ಕೆಲಸದ ಹಿಂದೆ ಕ್ಯಾರೊಲೈನಾ ಕಡೆ ಬಂದೆವು. ಕ್ರಿಸ್‌ಮಸ್‌ಗೆ ಫೋನ್ ಮಾಡುತ್ತಿದ್ದೆ. ಒಂದು ವರ್ಷ ಫೋನ್ ಎತ್ತಿದ್ದು ತಂಗಿ. ಅಕ್ಕ ಹೋಗಿ ಆರು ತಿಂಗಳಾಯಿತು, ಊರಿಗೇ ಕಳಿಸಿದೆವು, ಮಗನ ಪಕ್ಕದಲ್ಲೇ ಮಣ್ಣಾಯಿತು ಅಂದರು.

ಮಗಳು ಈಗ ಕಾಲೇಜು ಮುಗಿಸಿದ್ದಾಳೆ. ಫಿಲಿಪೀನ್ಸ್ ಕಡೆ ಒಂದು ಟ್ರಿಪ್ ಹೋಗೋಣ ಅಂತ ಮೊನ್ನೆ ಅವಳೇ ಹೇಳಿದಳು. ಹೋದರೂ ಆಂಟಿಯ ಸಮಾಧಿಯನ್ನು ಎಲ್ಲಿ ಅಂತ ಹುಡುಕಲಿ? ಆ ದಿನ ತಂಗಿ ಅಳುತ್ತಲೇ ಊರಿನ ಹೆಸರು ಹೇಳಿದ್ದರು. ನನಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ ಅನ್ನಲು ಬಾಯಿ ಬರಲಿಲ್ಲ.